ಅರಮನೆ ಪಟದ ಹಿಂಬದಿ

ನಮ್ಮ ಹಳ್ಳಿ ಮನೆಯ ನಡುಮನೆಯಲ್ಲಿ ಒಂದು ಸರಸ್ವತಿ ಪಟ ಇತ್ತು. ಕಟ್ಟು ಸೇರಿ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ನೀರಿನ ಪಕ್ಕ ಬಂಡೆಯ ಮೇಲೆ ಕೂತ ಸರಸ್ವತಿ, ಕೈಯಲ್ಲಿ ವೀಣೆ, ಹತ್ತಿರ ಒಂದು ನವಿಲು. ನೀವೂ ನೋಡಿರುತ್ತೀರಿ, ಕ್ಯಾಲೆಂಡರಿನಲ್ಲೋ ನೋಟ್‌ಬುಕ್ ರಟ್ಟಿನ ಮೇಲೋ. ನಮ್ಮದರ ವಿಶೇಷ ಅಂದರೆ ಸರಸ್ವತಿಯ ಸೀರೆಗೆ ನಿಜವಾದ ಜರಿ ಅಂಟಿಸಿತ್ತು. ಹೆಗಲಿಂದ ಮಂಡಿಯವರೆಗೆ ಒಂದೇ ಪಟ್ಟಿ. ಸೀರೆಯ ಇನ್ನೊಂದು ಅಂಚಿಗೆ ಏನೂ ಇರಲಿಲ್ಲ. ಯಾಕೆ ಒಂದೇ ಕಡೆ ಅಂತ ನಾವ್ಯಾರೂ ಕೇಳಿದವರಲ್ಲ.

ಅದಕ್ಕೆ ಮನೆಯಲ್ಲಿ ಇದ್ದ ಹೆಸರು 'ಅರಮನೆ ಪಟ'. ಮುತ್ತಾತ ತಿಪಟೂರಿನ ಹತ್ತಿರ ಒಂದು ಊರಲ್ಲಿ ಮೇಷ್ಟ್ರಾಗಿದ್ದರು. ಅವರು ದಸರಾಕ್ಕೆ ಮೈಸೂರಿಗೆ ಹೋದಾಗ ಅರಮನೆಯಿಂದ ಸಿಕ್ಕಿದ್ದು ಅಂತ ಕಥೆ. ದೊಡ್ಡಪ್ಪ ಹೇಳುವಾಗ ಮಹಾರಾಜರೇ ಕೈಯಾರೆ ಕೊಟ್ಟಿದ್ದು. ಚಿಕ್ಕಪ್ಪ ಹೇಳುವಾಗ ಯಾರೋ ದೊಡ್ಡ ಅಧಿಕಾರಿ ಕೊಟ್ಟಿದ್ದು. ಕೇಳುವವರು ಹೊಸಬರಾದಷ್ಟೂ ಕೊಟ್ಟವರು ದೊಡ್ಡವರಾಗುತ್ತಿದ್ದರು.

ಹಳ್ಳಿ ಮನೆ ಬೀಳುವ ಸ್ಥಿತಿಗೆ ಬಂದಾಗ ಸಾಮಾನು ಹಂಚಿಕೊಂಡೆವು. ಕಡಗೋಲು, ಕೊಪ್ಪರಿಗೆ, ತೊಟ್ಟಿಲು ಎಲ್ಲಕ್ಕೂ ಗಿರಾಕಿ ಇದ್ದರು, ಪಟ ಮಾತ್ರ ಯಾರಿಗೂ ಬೇಡವಾಗಿತ್ತು. ಫ್ಲ್ಯಾಟಿನಲ್ಲಿ ಎಲ್ಲಿ ಹಾಕೋದು ಅಂದರು. ಸುಮ್ನೆ ಬಿಟ್ಟುಬರಲು ಮನಸ್ಸಾಗದೆ ನಾನು ಬೆಡ್‌ಶೀಟಿನಲ್ಲಿ ಸುತ್ತಿ ಬೆಂಗಳೂರಿಗೆ ತಂದು ಬೀರುವಿನ ಪಕ್ಕ ನಿಲ್ಲಿಸಿದೆ. ಎರಡು ವರ್ಷ ಹಾಗೇ ಇತ್ತು.

2023ರಲ್ಲಿ ರಾಜಾ ರವಿವರ್ಮನ ಯಶೋದೆ-ಕೃಷ್ಣರ ಚಿತ್ರವೊಂದು ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಹೋಯಿತು. ಸುದ್ದಿ ಓದಿದ ಚಿಕ್ಕಪ್ಪನ ಮಗ, ಅಮೆರಿಕದಲ್ಲಿರುವವನು, ನಮ್ಮ ಪಟದ ಹಳೇ ಫೋಟೋ ಒಂದನ್ನು ಹುಡುಕಿ ತೆಗೆದು, ಮೂಲೆಯಲ್ಲಿದ್ದ ಸಹಿಯನ್ನು ದೊಡ್ಡದು ಮಾಡಿ, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಇಂಗ್ಲಿಷಿನಲ್ಲಿ 'ರವಿವರ್ಮಾ' ಅಂತ ಸಾಫ್ ಕಾಣುತ್ತಿತ್ತು. ಅಷ್ಟೇ. ರಾತ್ರಿ ಹನ್ನೊಂದಕ್ಕೆ ದೊಡ್ಡಪ್ಪ ಫೋನ್ ಮಾಡಿ 'ಅಮ್ಮಾ, ಪಟ ಹುಷಾರಾಗಿದೆ ತಾನೇ?' ಅಂತ ಕೇಳಿದರು. ನನ್ನ ಆರೋಗ್ಯ ವಿಚಾರಿಸಲು ಅವರು ಯಾವತ್ತೂ ಅಷ್ಟು ಹೊತ್ತಿನಲ್ಲಿ ಫೋನ್ ಮಾಡಿದ್ದಿಲ್ಲ.

ಹಾಗೆ ಶುರುವಾಯಿತು ನನ್ನ ಪತ್ತೇದಾರಿ. ಕಲೆ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು. ಸಹಿಯನ್ನು ನೋಡಿ ನಂಬಬಾರದು ಅನ್ನೋದಷ್ಟು ಮಾತ್ರ ಗೊತ್ತಿತ್ತು!

ಸಹಿ ವಿಷಯ ಒಂದೇ ಸಂಜೆಗೆ ಮುಗಿಯಿತು. ರವಿವರ್ಮ ತನ್ನ ಚಿತ್ರಗಳು ಎಲ್ಲರ ಮನೆಗೂ ಹೋಗಲಿ ಅಂತ 1894ರಲ್ಲಿ ಮುಂಬೈಯಲ್ಲಿ ಒಂದು ಅಚ್ಚುಕೂಟ ಶುರು ಮಾಡಿದ. ಜರ್ಮನಿಯಿಂದ ಯಂತ್ರ ತರಿಸಿದ, ಅಲ್ಲಿಯ ಕೆಲಸಗಾರರನ್ನೂ ಕರೆಸಿಕೊಂಡ. ಕಲ್ಲಿನ ಮೇಲೆ ಚಿತ್ರ ಬರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇಟ್ಟು, ಒಂದರ ಮೇಲೊಂದು ಒತ್ತಿ ಅಚ್ಚು ಹಾಕುವ ಕ್ರಮ ಅದು. ಮೇಲೆ ವಾರ್ನಿಷ್ ಹಚ್ಚಿದರೆ ತೈಲಚಿತ್ರದ ಹಾಗೇ ಹೊಳೆಯುತ್ತದೆ. ಒಲಿಯೊಗ್ರಾಫ್ ಅನ್ನುತ್ತಾರೆ. ಮೂಲ ಚಿತ್ರದಲ್ಲಿರುವ ಸಹಿ ಅಚ್ಚಿನಲ್ಲೂ ಬರುತ್ತದೆ. ಅಂದರೆ ಸಹಿ ಇದೆ ಅಂತ ಕುಣಿಯುವುದು, ನೋಟಿನ ಮೇಲೆ ಗವರ್ನರ್ ಸಹಿ ನೋಡಿ ಅವರೇ ನನಗೆ ಬರೆದುಕೊಟ್ಟರು ಅಂದುಕೊಂಡ ಹಾಗೆ.

ನಮ್ಮದು ಕೈಯಲ್ಲಿ ಬರೆದದ್ದೋ ಅಚ್ಚೋ, ಅಚ್ಚಾದರೆ ಹಳೆಯದೋ ಹೊಸದೋ? ಇದಕ್ಕೆ ಒಂದು ಸುಲಭ ದಾರಿ ಇದೆ, ದುಡ್ಡೂ ಬೇಡ. ನಮ್ಮ ರಸ್ತೆಯಲ್ಲಿ ವಾಚ್ ರಿಪೇರಿ ಮಾಡುವವರಿಂದ ಕಣ್ಣಿಗಿಟ್ಟುಕೊಳ್ಳುವ ಭೂತಗನ್ನಡಿಯನ್ನು ಒಂದು ದಿನದ ಮಟ್ಟಿಗೆ ತಂದೆ. ಮೊದಲು ಮನೆಯಲ್ಲಿದ್ದ ಈ ವರ್ಷದ ಕ್ಯಾಲೆಂಡರಿನ ಮೇಲೆ ಇಟ್ಟು ನೋಡಿದೆ. ಚುಕ್ಕಿ ರಂಗೋಲಿ! ಸಾಲಾಗಿ, ಅಳತೆ ಇಟ್ಟ ಹಾಗೆ ಚುಕ್ಕಿಗಳು. ಇದು ಈಗಿನ ಆಫ್‌ಸೆಟ್ ಅಚ್ಚು. ಆಮೇಲೆ ಪಟದ ಮೇಲೆ ಇಟ್ಟೆ. ಅಲ್ಲೂ ಚುಕ್ಕಿಗಳೇ, ಆದರೆ ಸಾಲಿಲ್ಲ, ಕ್ರಮವಿಲ್ಲ. ಸರಸ್ವತಿಯ ಕೆನ್ನೆಯ ಮೇಲೆ ಗುಲಾಬಿ, ಹಳದಿ, ತಿಳಿ ಕಂದು ಬಣ್ಣದ ಚುಕ್ಕಿಗಳು ರಂಗೋಲಿ ಪುಡಿ ಕೈತಪ್ಪಿ ಉದುರಿದ ಹಾಗೆ ಹರಡಿಕೊಂಡಿದ್ದವು. ಒಬ್ಬ ಮನುಷ್ಯ ಕೂತು ಒಂದೊಂದಾಗಿ ಕಲ್ಲಿನ ಮೇಲೆ ಇಟ್ಟ ಚುಕ್ಕಿಗಳು ಅವು. ಕುಂಚದ ಗೀಟು ಎಲ್ಲೂ ಇಲ್ಲ. ಅಂದರೆ ತೈಲಚಿತ್ರ ಅಲ್ಲ, ಇತ್ತೀಚಿನ ನಕಲೂ ಅಲ್ಲ. ಹಳೇ ಕಲ್ಲಚ್ಚು.

ಗುಂಪಿನಲ್ಲಿ ಹೇಳಿದೆ. ಯಾರೂ ಒಪ್ಪಲಿಲ್ಲ. 'ಜರಿ ಇದೆಯಲ್ಲ, ಇದು ಮೈಸೂರು ಶೈಲಿ ಚಿತ್ರ' ಅಂತ ಒಬ್ಬರು. ಅದಕ್ಕೂ ಉತ್ತರ ಹುಡುಕಬೇಕಾಯಿತು. ಮೈಸೂರು ಚಿತ್ರದಲ್ಲಿ ಬಂಗಾರ ಇರುತ್ತದೆ ನಿಜ, ಆದರೆ ಅದು ಗೆಸ್ಸೊ ಕೆಲಸ. ಬಿಳಿ ಲೇಪವನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ಹಾಳೆ ಕೂರಿಸುತ್ತಾರೆ. ತಂಜಾವೂರಿನದರಲ್ಲಿ ಉಬ್ಬು ಜಾಸ್ತಿ, ಕಲ್ಲುಗಳನ್ನೂ ಇಡುತ್ತಾರೆ. ನಮ್ಮದರಲ್ಲಿ ಇದ್ದದ್ದು ಸೀರೆಯಿಂದ ಕತ್ತರಿಸಿದ ಜರಿ, ನೇಯ್ಗೆಯ ಎಳೆ ಬಿಟ್ಟುಕೊಂಡಿತ್ತು. ಆಗೆಲ್ಲ ದೇವರ ಪಟಗಳಿಗೆ ಜರಿ, ಚಮಕಿ ಅಂಟಿಸಿ ಅಲಂಕಾರ ಮಾಡುವುದು ದಕ್ಷಿಣದ ಕಡೆ ಮಾಮೂಲಿ ಅಂತ ಆಮೇಲೆ ತಿಳಿಯಿತು.

ನಿಜವಾದ ರವಿವರ್ಮ ಹೇಗಿರುತ್ತದೆ ಅಂತ ಒಮ್ಮೆ ಸರಿಯಾಗಿ ನೋಡಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋದೆ. ರಾಮ ಸಮುದ್ರರಾಜನ ಮೇಲೆ ಬಾಣ ಹೂಡಿ ನಿಂತ ಚಿತ್ರದ ಮುಂದೆ ತುಂಬ ಹೊತ್ತು ನಿಂತಿದ್ದೆ. ಮುಂದೆ ಬಂದರೆ ಬರೀ ಬಣ್ಣ, ಹಿಂದೆ ಸರಿದರೆ ಅಲೆ. ಅಚ್ಚಿನಲ್ಲಿ ಈ ಆಟ ಇಲ್ಲ, ಎಷ್ಟು ದೂರದಿಂದ ನೋಡಿದರೂ ಅದೇ. ಅಲ್ಲೇ ದೀಪ ಹಿಡಿದ ಹೆಂಗಸಿನ ಚಿತ್ರದ ಹತ್ತಿರ ಒಬ್ಬರು ಮಕ್ಕಳಿಗೆ 'ಇದೂ ರವಿವರ್ಮಂದೇ' ಅಂತ ಹೇಳಿಕೊಡುತ್ತಿದ್ದರು. ಅದು ಹಲ್ದಂಕರ್ ಅವರದ್ದು, ತೈಲಚಿತ್ರವೂ ಅಲ್ಲ, ಜಲವರ್ಣ. ಹೇಳಬೇಕು ಅನ್ನಿಸಿತು, ಸುಮ್ಮನಾದೆ. ನಮ್ಮ ಮನೆಯವರಿಗೇ ಹೇಳಿ ಸಾಕಾಗಿತ್ತು.

ಅಷ್ಟರವರೆಗೆ ನಾನು ಪಟವನ್ನು ಮುಂದಿನಿಂದಲೇ ನೋಡುತ್ತಿದ್ದೆ. ಹಳೇ ಚಿತ್ರಗಳ ರಿಪೇರಿ ಕೆಲಸ ಮಾಡುವ ಒಬ್ಬರ ಪರಿಚಯ ಗೆಳತಿಯ ಮೂಲಕ ಆಯಿತು. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ 'ಹಿಂಬದಿ ಫೋಟೋ ಇದೆಯಾ ಮೇಡಂ?' ಅಂತ. ಇರಲಿಲ್ಲ. ನೂರು ಫೋಟೋ ತೆಗೆದಿದ್ದೆ, ಒಂದೂ ಹಿಂಬದಿಯದಲ್ಲ.

ಒಂದು ಭಾನುವಾರ ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿ, ಪಟವನ್ನು ಮಕಾಡೆ ಮಲಗಿಸಿ, ಹಿಂದಿನ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ತೆಗೆದೆ. ಈ ಕೆಲಸ ನೀವೇ ಮಾಡಬೇಡಿ ಅಂತ ಅವರು ಹೇಳಿದ್ದರು, ನಾನು ಕೇಳಲಿಲ್ಲ, ಆಮೇಲೆ ಬೈಸಿಕೊಂಡೆ. ಹಲಗೆ ಎತ್ತಿದ ಕೂಡಲೇ ಒಣಗಿದ ಎರಡು ಹಲ್ಲಿ ಮೊಟ್ಟೆಯ ಚಿಪ್ಪು ಉರುಳಿದವು. ಒಳಗೆ ಮಡಚಿಟ್ಟ ಕನ್ನಡ ಪತ್ರಿಕೆಯ ಹಾಳೆ. ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಂದು ಸೋಪಿನ ಜಾಹೀರಾತು, ರೇಷನ್ ಸುದ್ದಿ, ಮೇಲೆ ದಿನಾಂಕ: ಸೆಪ್ಟೆಂಬರ್ 1946.

ನನಗೆ ಸ್ವಲ್ಪ ಬೇಜಾರೇ ಆಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟೇನೂ ಹಳೆಯದಲ್ಲ ಹಾಗಾದರೆ ಅಂದುಕೊಂಡೆ. ಆದರೆ ಕಟ್ಟಿನ ಒಳಗಡೆ ಬೆರಳಾಡಿಸುವಾಗ ಇನ್ನೊಂದು ವಿಷಯ ಗೊತ್ತಾಯಿತು. ಮೊಳೆ ಹೊಡೆದ ತೂತುಗಳು ಎರಡು ಸಾಲು ಇದ್ದವು. ಈಗ ನಾನು ಕಿತ್ತ ಮೊಳೆಗಳದ್ದು ಒಂದು, ಅದರ ಪಕ್ಕದಲ್ಲೇ ಹಳೆಯದು, ತುಕ್ಕಿನ ಕಲೆ ಉಳಿದದ್ದು. ಅಂದರೆ ಈ ಪಟವನ್ನು ನನಗಿಂತ ಮುಂಚೆ ಇನ್ಯಾರೋ ಒಮ್ಮೆ ಬಿಚ್ಚಿ ಮತ್ತೆ ಹೊಡೆದಿದ್ದಾರೆ. ಪತ್ರಿಕೆಯ ದಿನಾಂಕ ಆ ಎರಡನೇ ಸಲದ್ದು. ಮೊದಲನೆಯದು ಯಾವಾಗ?

ಇನ್ನೂ ಒಂದು ಅದೃಷ್ಟ. ಕಟ್ಟು ಹಾಕುವವರು ಸಾಮಾನ್ಯವಾಗಿ ಪಟದ ಬಿಳಿ ಅಂಚನ್ನು ಕತ್ತರಿಸಿ ಎಸೆಯುತ್ತಾರೆ. ಅಚ್ಚುಕೂಟದ ಹೆಸರು ಇರುವುದು ಅಲ್ಲೇ. ನಮ್ಮ ಪುಣ್ಯಾತ್ಮ ಕತ್ತರಿಸಿರಲಿಲ್ಲ, ಕೆಳಗಿನ ಅಂಚನ್ನು ಹಿಂದಕ್ಕೆ ಮಡಚಿದ್ದ. ಮಡಿಕೆಯೊಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ: ರವಿವರ್ಮಾ ಪ್ರೆಸ್, ಕಾರ್ಲಾ, ಲೋನಾವ್ಲಾ. ಈ ಊರಿನ ಹೆಸರು ಮುಖ್ಯ. ಅಚ್ಚುಕೂಟ ಶುರುವಾದದ್ದು ಮುಂಬೈಯಲ್ಲಿ. ಅಲ್ಲಿಂದ ಲೋನಾವ್ಲಾ ಹತ್ತಿರ, ಈ ಕಾರ್ಲಾ ಪಕ್ಕದ ಮಳವ್ಲಿಗೆ ಹೋದದ್ದು 1890ರ ದಶಕದ ಕೊನೆಗೆ. ಅದಾಗಿ ಕೆಲವೇ ವರ್ಷಕ್ಕೆ ರವಿವರ್ಮ ಅದನ್ನು ತನ್ನಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಶ್ಲೈಶರ್‌ಗೆ ಮಾರಿಬಿಟ್ಟ. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಅಚ್ಚು ನಡೆಯುತ್ತಲೇ ಇತ್ತು. 1972ರಲ್ಲಿ ಬೆಂಕಿ ಬಿದ್ದು ಬಹಳಷ್ಟು ಹಾಳಾಯಿತು. ಹಾಗಾಗಿ ನಮ್ಮ ಪಟಕ್ಕೆ ಒಂದು ಕಡೆ 1899ರ ಆಸುಪಾಸು, ಇನ್ನೊಂದು ಕಡೆ 1946 ಗಡಿ ಆಯಿತು. ನಡುವಿನ ನಲವತ್ತೇಳು ವರ್ಷದಲ್ಲಿ ಎಲ್ಲಿ ಅಂತ ಹುಡುಕೋದು?

ಈ ಮಧ್ಯೆ ಬೆಲೆ ಕೇಳಲು ಓಡಾಡಿದ್ದೂ ಆಯಿತು. ಇದರ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ. ಹಳೇ ಸಾಮಾನಿನ ಅಂಗಡಿಯವರೊಬ್ಬರು ಪಟವನ್ನು ನೋಡಲೇ ಇಲ್ಲ, ಕಟ್ಟನ್ನು ಉಗುರಿನಲ್ಲಿ ಕೆರೆದು 'ತೇಗ. ಮೂರೂವರೆ ಸಾವಿರ ಕೊಡ್ತೀನಿ' ಅಂದರು. ಇನ್ನೊಬ್ಬರು ಹನ್ನೆರಡು ಸಾವಿರ ಅಂದರು, ಆದರೆ ಜರಿ ಕಿತ್ತು ಕೊಡಿ, ನಮ್ಮ ಗಿರಾಕಿಗಳಿಗೆ ಶುದ್ಧ ಅಚ್ಚು ಬೇಕು ಅಂದರು. ಮೂರನೆಯವರಿಗೆ ಜರಿ ಇದ್ದರೇ ಇಷ್ಟ, ಆದರೆ ಎರಡೂ ಕಡೆ ಇರಬೇಕಿತ್ತಂತೆ. ಇಂಟರ್ನೆಟ್ಟಿನಲ್ಲಿ ಇಂಥದ್ದೇ ಪಟಕ್ಕೆ ಒಂದೂವರೆ ಲಕ್ಷ ಅಂತ ಹಾಕಿಕೊಂಡವರೂ ಇದ್ದರು. ನಾನು ಅದನ್ನು ಆರು ತಿಂಗಳು ಗಮನಿಸಿದೆ, ಅದು ಅಲ್ಲೇ ಇತ್ತು. ಕೇಳುವ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ಹರಾಜು ಸಂಸ್ಥೆಗಳು ಹಿಂದಿನ ಹರಾಜಿನಲ್ಲಿ ಯಾವುದು ಎಷ್ಟಕ್ಕೆ ಹೋಯಿತು ಅಂತ ಹಾಕಿರುತ್ತವೆ, ಅದನ್ನು ನೋಡಿದರೆ ತಲೆ ಜಾಗಕ್ಕೆ ಬರುತ್ತದೆ. ಅಂಚು ಕತ್ತರಿಸದ, ಬಣ್ಣ ಮಾಸದ, ಅಪರೂಪದ ವಿಷಯದ ಅಚ್ಚಿಗೆ ಒಳ್ಳೇ ದುಡ್ಡು. ಸರಸ್ವತಿ, ಲಕ್ಷ್ಮಿ ಎಲ್ಲರ ಮನೆಯಲ್ಲೂ ಇದ್ದವರಲ್ವಾ, ಅದಕ್ಕೇ ಅಗ್ಗ.

ದಿನಾಂಕ ಸಿಕ್ಕಿದ್ದು ಕೊನೆಗೆ ಮುತ್ತಾತನ ಟ್ರಂಕಿನಲ್ಲಿ. ಅದು ದೊಡ್ಡಪ್ಪನ ಮನೆಯ ಅಟ್ಟದ ಮೇಲಿತ್ತು. ಮುತ್ತಾತ ಮನೆ ಖರ್ಚನ್ನು ದಿನಾ ಬರೆದಿಡುತ್ತಿದ್ದರು, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ಕಾಲು ಭಾಗ ಗೆದ್ದಲು ತಿಂದದ್ದು. ಎಲ್ಲ ಪುಸ್ತಕದ ಮೇಲೂ ಇಸವಿ ಇಲ್ಲ, ಸಂವತ್ಸರದ ಹೆಸರು ಮಾತ್ರ. ಮೂರು ಶನಿವಾರ ಕೂತು ಓದಿದೆ. ಹುರುಳಿ, ಸೀಮೆಎಣ್ಣೆ, ನಶ್ಯ, ಮಗುವಿಗೆ ಕಷಾಯದ ಸಾಮಾನು. ದುಂದುಭಿ ಸಂವತ್ಸರದ ಆಶ್ವಯುಜ ಮಾಸದಲ್ಲಿ ಬೆರಳು ನಿಂತಿತು. 'ಸರಸ್ವತಿ ಪಟ 1ಕ್ಕೆ 1-4-0. ಕಟ್ಟು ಕನ್ನಡಿ 1-8-0.'

ಒಂದು ರೂಪಾಯಿ ನಾಲ್ಕಾಣೆಯ ಪಟ, ಒಂದೂವರೆ ರೂಪಾಯಿಯ ಕಟ್ಟು. ಕಟ್ಟೇ ದುಬಾರಿ. ಆ ಅಂಗಡಿಯವರು ಉಗುರಿನಲ್ಲಿ ಕೆರೆದು ನೋಡಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ದುಂದುಭಿ ಅಂದರೆ 1862, 1922 ಅಥವಾ 1982. 1862ರಲ್ಲಿ ಈ ಅಚ್ಚುಕೂಟವೇ ಇರಲಿಲ್ಲ. 1982ರಲ್ಲಿ ಆಣೆ ಲೆಕ್ಕ ಇರಲಿಲ್ಲ, ಮುತ್ತಾತನೂ ಇರಲಿಲ್ಲ. ಹಾಗಾಗಿ 1922ರ ನವರಾತ್ರಿ. ದುಡ್ಡು ಕೊಟ್ಟು ಕೊಂಡದ್ದು, ಅರಮನೆಯಿಂದ ಬಂದದ್ದಲ್ಲ. ಗುಂಪಿನಲ್ಲಿ ಆ ಪುಟದ ಫೋಟೋ ಹಾಕಿದೆ. ಎರಡು ದಿನ ಯಾರೂ ಏನೂ ಮಾತಾಡಲಿಲ್ಲ. ಆಮೇಲೆ ಅಮೆರಿಕದವನು 'ಹಾಗಾದರೆ ನಾನು ಬಂದಾಗ ತೆಗೆದುಕೊಂಡು ಹೋಗ್ತೀನಿ' ಅಂದ. ಅದೂ ಆಗುವುದಿಲ್ಲಪ್ಪ ಅಂದೆ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ನಾವು ನೀವು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ರವಿವರ್ಮನ ಮೂಲ ಚಿತ್ರಗಳಿಗಂತೂ 1979ರಿಂದ ರಾಷ್ಟ್ರೀಯ ಕಲಾನಿಧಿ ಅಂತ ಬೇರೆಯೇ ರಕ್ಷಣೆ ಇದೆ. ನಮ್ಮದು ಒಂದೂಕಾಲು ರೂಪಾಯಿಯದಾದರೂ ಅದರ ನೂರು ವರ್ಷಕ್ಕೆ ತಾತನ ಕೈಬರಹವೇ ಸಾಕ್ಷಿ. ಸೂಟ್‌ಕೇಸಿನಲ್ಲಿ ಇಟ್ಟು ಏರ್‌ಪೋರ್ಟಿನಲ್ಲಿ ಸಿಕ್ಕಿಹಾಕಿಕೊಳ್ಳೋದು ಯಾಕೆ?

ರಿಪೇರಿಯವರ ಹತ್ತಿರ ಪಟ ತೆಗೆದುಕೊಂಡು ಹೋದದ್ದು ಇದಾದ ಮೇಲೆ. ಅವರು ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಟದ ಪಕ್ಕದಲ್ಲಿ ಮೇಜಿಗೆ ತಾಗುವ ಹಾಗೆ ಹಿಡಿದರು. ಅಡ್ಡ ಬೆಳಕಿಗೆ ಕಾಗದದ ಉಬ್ಬುತಗ್ಗೆಲ್ಲ ಎದ್ದು ಕಂಡಿತು. ಜರಿ ಪಟ್ಟಿಯ ಉದ್ದಕ್ಕೂ, ಅದರ ಕೆಳಗೆ, ಒಂದು ಗೆರೆ. ಹೆಗಲಿಂದ ಮಂಡಿಯವರೆಗೆ. 'ಇದು ಅಲಂಕಾರ ಅಲ್ಲ ಮೇಡಂ, ಹರಿದಿದ್ದನ್ನು ಮುಚ್ಚಿದ್ದಾರೆ. ಗಾಜು ಕೊಯ್ದಿರೋ ಥರ ಇದೆ. ಅಂಟು ಹುಣಸೆಬೀಜದ್ದಿರಬೇಕು, ಚೆನ್ನಾಗಿ ಹಿಡಿದಿದೆ, ಮುಟ್ಟೋದು ಬೇಡ' ಅಂದರು. ಒಳಗಿನ ಹಲಗೆ ತೆಗೆಸಿ ಆಮ್ಲ ಇಲ್ಲದ ರಟ್ಟು ಹಾಕಿಸಿ ಅಂದರು. ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬಿಡಬೇಕಂತೆ. ಅಷ್ಟೇ ಮಾಡಿಸಿದ್ದು.

1946ರಲ್ಲಿ ಪಟ ಬಿಚ್ಚಿದವರು ಯಾರು ಅಂತ ಕೇಳಲು ಉಳಿದಿದ್ದವರು ಒಬ್ಬರೇ, ದೊಡ್ಡತ್ತೆ. ಎಂಬತ್ತಾರು ದಾಟಿದೆ, ತುಮಕೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಫೋನಿನಲ್ಲಿ ಫೋಟೋ ತೋರಿಸಿ, ಜರಿಯ ಕೆಳಗೆ ಹರಿದಿದೆಯಂತೆ ಅತ್ತೆ ಅಂದೆ. ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

'ಹಿಂದುಗಡೆ ಬಿಚ್ಚಿಬಿಟ್ಟೆಯೇನೇ? ಅದು ನಾನೇ ಕಣೇ ಬೀಳಿಸಿದ್ದು. ಸರಸ್ವತಿ ಪೂಜೆ ದಿನ. ಹೂವು ಹಾಕೋಕೆ ಅಂತ ಮಣೆ ಮೇಲೆ ಮಣೆ ಇಟ್ಕೊಂಡು ಹತ್ತಿದೆ, ಜಾರ್ತು. ತಾತ ಊರಲ್ಲಿರಲಿಲ್ಲ, ದಸರಾ ನೋಡೋಕೆ ಮೈಸೂರಿಗೆ ಹೋಗಿದ್ರು. ಅಜ್ಜಿ ಬೆನ್ನಿಗೆ ಒಂದು ಕೊಟ್ರು. ಆಮೇಲೆ ಅವರ ಧಾರೆ ಸೀರೆ ಹರಿದಿತ್ತಲ್ಲ, ಅದರ ಜರಿ ಕತ್ತರಿಸಿ ಅಂಟಿಸಿದ್ರು. ನನ್ನನ್ನ ಕರ್ಕೊಂಡು ಹೋಗಿ ಕನ್ನಡಿ ಹಾಕಿಸಿದ್ರು. ತಾತನಿಗೆ ಹೇಳಿದ್ರೆ ನೋಡು ಅಂದ್ರು.'

'ತಾತ ಬಂದು ಏನಂದ್ರು?'

'ಏನಂತಾರೆ? ಪಟ ನೋಡಿ, ಏನೇ ಇದು, ಅರಮನೆ ಪಟ ಆಗಿಬಿಟ್ಟಿದೆಯಲ್ಲ ಅಂದ್ರು. ಬಂದವರಿಗೆಲ್ಲ ಹಾಗೇ ತೋರಿಸೋರು. ಪಾಪ, ಕೊನೇವರೆಗೂ ಅವರಿಗೆ ಗೊತ್ತಾಗಲಿಲ್ಲ.'

ಬೆಂಗಳೂರಿಗೆ ಬಂದವಳೇ ಲೆಕ್ಕದ ಪುಸ್ತಕದ ಫೋಟೋಗಳನ್ನು ತೆಗೆದೆ. 1946 ಅಂದರೆ ವ್ಯಯ ಸಂವತ್ಸರ. ಲೆಕ್ಕದ ಪುಸ್ತಕಕ್ಕೆ ತಕ್ಕ ಹೆಸರು. ಆಶ್ವಯುಜ ಮಾಸದ ಪುಟದಲ್ಲಿ, ಬಾಳೆಹಣ್ಣು, ಕರ್ಪೂರ ಆದ ಮೇಲೆ, ಮುತ್ತಾತನದೇ ಅಕ್ಷರ: 'ಪಟದ ಕನ್ನಡಿ ಒಡೆದದ್ದು, ಹೊಸದಕ್ಕೆ 1-2-0.'

ಅತ್ತೆಗೆ ಫೋನ್ ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

'ಎಷ್ಟು ಅಂತ ಬರೆದಿದ್ದಾರೆ?'

'ಒಂದು ರೂಪಾಯಿ ಎರಡಾಣೆ, ಅತ್ತೆ.'

'ಹದಿನಾಲ್ಕಾಣೆ ಕಣೇ ಆಗಿದ್ದು' ಅಂದರು. 'ನಾನೇ ಪಕ್ಕದಲ್ಲಿ ನಿಂತಿದ್ದೆ. ನಾಲ್ಕಾಣೆ ಅಜ್ಜಿ ಇಟ್ಕೊಂಡಿದ್ದಾರೆ!'